ಕಂಪ್ಯೂಟರಿಗೆ ಕಟ್ಟಿದ ಮುಡುಪು

ಕೆಟ್ಟು ಹಾಳಾದ ವಸ್ತು ನಮ್ಮ ಮನೆಯಲ್ಲಿ ಒಂದೂ ಇಲ್ಲ. ಎಲ್ಲವೂ ರಿಪೇರಿಯಾಗಿಯೇ ಹಾಳಾದವು. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಗೋಡೆ ಗಡಿಯಾರ, ಮದುವೆಯಲ್ಲಿ ನನ್ನ ತವರಿನವರು ಕೊಟ್ಟ ರೇಡಿಯೋ, ಇವೆಲ್ಲ ಚೆನ್ನಾಗಿ ಓಡುತ್ತಿದ್ದಾಗಲೇ ನಮ್ಮ ಮನೆಯವರ ಕಣ್ಣಿಗೆ ಬಿದ್ದು, ಬಿಚ್ಚಿಸಿಕೊಂಡು, ಮತ್ತೆ ಜೋಡಿಸುವಾಗ ಒಂದೆರಡು ಸ್ಕ್ರೂ ಮಿಕ್ಕಿ, ಕೊನೆಗೆ ಅಟ್ಟ ಸೇರಿದವು. ಮಿಕ್ಕ ಸ್ಕ್ರೂಗಳನ್ನು ಉಪ್ಪಿನಕಾಯಿ ಬಾಟಲಿಯಲ್ಲಿ ತುಂಬಿಟ್ಟಿದ್ದಾರೆ. "ಕಂಪನಿಯವರು ಸುಮ್ಮನೆ ಜಾಸ್ತಿ ಹಾಕಿರ್ತಾರೆ ಕಣೇ" ಎನ್ನುವುದು ಅವರ ವಾದ. ಗಂಡಸರ ಕೈಗೆ ಮೊದಲು ಸ್ಕ್ರೂಡ್ರೈವರ್ ಕೊಟ್ಟವರು ಯಾರೋ ನನಗೆ ಗೊತ್ತಿಲ್ಲ. ಸಿಕ್ಕಿದರೆ ನಾಲ್ಕು ಮಾತು ಕೇಳುವುದಿದೆ.

ಕಂಪ್ಯೂಟರು ಮಾತ್ರ ಅವರ ಕೈಗೆ ಸಿಗಬಾರದೆಂದು ನಾನು ಮೊದಲ ದಿನವೇ ನಿಶ್ಚಯಿಸಿದ್ದೆ. ಚಾಮರಾಜನಗರ ಜಿಲ್ಲೆಯಾದ ಮೇಲೆ ನಮ್ಮೂರಿನಲ್ಲಿ ಅರ್ಜಿಗಳದೇ ಸುಗ್ಗಿ. ನಾನು ಮದುವೆಗೆ ಮುಂಚೆ ಟೈಪಿಂಗ್ ಸೀನಿಯರ್ ಪಾಸು ಮಾಡಿದ್ದವಳು. ಮೈಸೂರಿನಿಂದ ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರನ್ನೂ, ಗರಗಸ ಎಳೆದ ಹಾಗೆ ಸದ್ದು ಮಾಡುವ ಪ್ರಿಂಟರನ್ನೂ ತರಿಸಿ ನಡುಮನೆಯಲ್ಲಿಟ್ಟುಕೊಂಡು ಅರ್ಜಿ, ಲಗ್ನಪತ್ರಿಕೆ, ಬಿ.ಎಡ್. ಹುಡುಗಿಯರ ಪ್ರಾಜೆಕ್ಟು ಎಲ್ಲ ಟೈಪು ಮಾಡಿಕೊಡತೊಡಗಿದೆ. ಅಲ್ಲಿಯವರೆಗೆ ನಮ್ಮ ಬಾಗಿಲಿಗೆ ಬಂದವರೆಲ್ಲ "ಸಾರ್ ಅವ್ರಾ?" ಎನ್ನುತ್ತಿದ್ದರು. ಈಗ ಮೊದಲ ಸಲ ಹರದನಹಳ್ಳಿಯಿಂದ, ಉಮ್ಮತ್ತೂರಿನಿಂದ ಬಸ್ಸಿಳಿದು ಬಂದು "ಅಕ್ಕಾವ್ರು ಅವ್ರಾ?" ಎಂದು ಕೇಳಿದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನಾನು ಬೇಕೆಂದೇ ಸ್ವಲ್ಪ ತಡವಾಗಿ ಹೊರಗೆ ಬರುತ್ತಿದ್ದೆ, ಇನ್ನೊಂದು ಸಲ ಕೇಳಲಿ ಅಂತ.

ಹೀಗಿರುವಾಗ ಇವರ ಆಫೀಸಿನಲ್ಲಿ ಯಾರೋ ಪಾಪಿ "ಅಪ್‌ಗ್ರೇಡ್" ಎನ್ನುವ ಮಾತನ್ನು ಇವರ ಕಿವಿಗೆ ಹಾಕಿದ. ಮುಂದಿನ ಭಾನುವಾರವೇ ಗುಂಡ್ಲುಪೇಟೆಗೆ ಹೋಗಿ, ಟಿವಿ ರಿಪೇರಿ ಅಂಗಡಿ ಇಟ್ಟಿರುವ ಗೆಳೆಯನಿಂದ ಒಂದು ರ‍್ಯಾಮ್ ತಂದರು. ಕೇರಳದಿಂದ ಬಂದ ಮಾಲಂತೆ. ಬಾಚಣಿಗೆಯಷ್ಟು ಉದ್ದದ ಹಸಿರು ಪಟ್ಟಿ, ಒಂದು ಅಂಚಿಗೆ ಚಿನ್ನದ ಬಣ್ಣದ ಹಲ್ಲು. "ಇದು ಹಾಕಿದ್ರೆ ಕಂಪ್ಯೂಟರ್ ಹಾರುತ್ತೆ ನೋಡು. ಬಾ, ಟಾರ್ಚ್ ಹಿಡಿ" ಎಂದರು. ಹಿಡಿದೆ. ಕಂಪ್ಯೂಟರು ಹಾರಲಿಲ್ಲ, ಕುಯ್ಯೋ ಕುಯ್ಯೋ ಎಂದು ಅರಚಿತು. ಪರದೆ ಕಪ್ಪು. ಇವರು ಸಂಜೆಯವರೆಗೆ ಅದರ ಕರುಳನ್ನೆಲ್ಲ ಎಳೆದು ಹಾಕಿ, ತಿರುಗಿ ತುರುಕಿ, "ನಮ್ಮೂರ ವೋಲ್ಟೇಜೇ ಸರಿ ಇಲ್ಲ" ಎಂದು ಅಂಗಿ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಟೀ ಕುಡಿಯಲು ಹೊರಟರು. ಮಾರನೆಯ ದಿನ ಇವರು ಆಫೀಸಿಗೆ ಹೋದ ಮೇಲೆ ನಾನೇ ಡಬ್ಬ ಬಿಚ್ಚಿ, ಮಗನ ರಬ್ಬರಿನಿಂದ ಆ ಪಟ್ಟಿಯ ಹಲ್ಲು ಉಜ್ಜಿ, ಹೆಬ್ಬೆರಳಿನಿಂದ ಟಕ್ಕೆನ್ನುವ ತನಕ ಒತ್ತಿದೆ. ಓಡಿತು. ಅಷ್ಟು ಹೊತ್ತು ಟಾರ್ಚ್ ಹಿಡಿದವಳಿಗೆ ಅಷ್ಟೂ ತಿಳಿಯದೇ ಇರುತ್ತದೆಯೇ? ಸಂಜೆ ಬಂದವರು ನೋಡಿ, "ರೆಸ್ಟ್ ಕೊಟ್ರೆ ತಾನೇ ಸರಿಹೋಗುತ್ತೆ ಅಂತ ನನಗೆ ಗೊತ್ತಿತ್ತು" ಎಂದರು. ಆಮೇಲೆ ಪ್ರತಿ ಭಾನುವಾರವೂ ಇದೇ ಹಾಡು. ಒಂದು ವಾರ ಫ್ಲಾಪಿ ಹಾಕುವ ಭಾಗವನ್ನೇ "ಸುಮ್ಮನೆ ಕಾವು ಜಾಸ್ತಿ" ಎಂದು ಕಿತ್ತಿಟ್ಟರು. ಅದು ಈಗಲೂ ಉಪ್ಪಿನಕಾಯಿ ಬಾಟಲಿಯ ಪಕ್ಕದಲ್ಲಿದೆ.

ಹೀಗೇ ಒಂದು ಶನಿವಾರ ಉಡಿಗಾಲದ ಮಂಗಳಾ ಎಂಬ ಹುಡುಗಿಯ ಪ್ರಾಜೆಕ್ಟು ಅರ್ಧ ಟೈಪಾಗಿತ್ತು. ಸೋಮವಾರ ಬೆಳಿಗ್ಗೆ ಅವಳು ಅದನ್ನು ಕಾಲೇಜಿಗೆ ಕೊಡಲೇಬೇಕು. ಅವತ್ತೇ ಇವರು ಗುಂಡ್ಲುಪೇಟೆಯಿಂದ ಒಂದು ಪುಟಾಣಿ ಫ್ಯಾನು ಹಿಡಿದುಕೊಂಡು ಬಂದರು, ನಾಳೆ ಕಂಪ್ಯೂಟರಿನ ಹೊಟ್ಟೆಯೊಳಗೆ ಕೂರಿಸಲು. ನನಗೆ ಮೈಯೆಲ್ಲ ಉರಿದುಹೋಯಿತು. ಬೇಡವೆಂದರೆ ಕೇಳುವ ಜಾತಿಯಲ್ಲ. ನೇರ ದೇವರ ಕೋಣೆಗೆ ಹೋಗಿ, ಅರಿಶಿನದ ಬಟ್ಟೆಯಲ್ಲಿ ಒಂದು ನಾಣ್ಯ ಗಂಟು ಹಾಕಿ, ಕಂಪ್ಯೂಟರಿನ ಡಬ್ಬಕ್ಕೆ ದಾರ ಸುತ್ತಿ ಕಟ್ಟಿಬಿಟ್ಟೆ. ಗೋಪಾಲಸ್ವಾಮಿ ಬೆಟ್ಟದ ದೇವರಿಗೆ ಮುಡುಪು, ಇವರಿಗೆ ಪ್ರಮೋಷನ್ ಆಗುವವರೆಗೂ ಈ ಡಬ್ಬ ಯಾರೂ ಬಿಚ್ಚಬಾರದು ಎಂದು ಅತ್ತೆಗೆ ಹೇಳಿದೆ. ಪ್ರಮೋಷನ್ನೇ ಯಾಕೆಂದರೆ, ಅದು ಆಗುವುದಿಲ್ಲವೆಂದು ನನಗೆ ಖಾತ್ರಿಯಿತ್ತು. ನಮ್ಮ ಮನೆಯಲ್ಲಿ ಇವರು ಇವತ್ತಿಗೂ ಬಿಚ್ಚದೆ ಉಳಿಸಿರುವ ವಸ್ತುವೆಂದರೆ ಇಲಾಖೆ ಪರೀಕ್ಷೆಯ ಪುಸ್ತಕ ಒಂದೇ.

ಗುಂಡ್ಲುಪೇಟೆ ಕಡೆಯ ಅತ್ತೆಗೆ ಅದು ತವರಿನ ದೇವರು. "ಒಳ್ಳೇ ಕೆಲ್ಸ ಮಾಡ್ಬುಟ್ಟೆ ಕಣಮ್ಮಿ. ಅದ್ಯಾರು ಕೈ ಇಕ್ಕಾರೋ ನಾನೂ ನೋಡ್ತೀನಿ" ಎಂದು ಎಲೆಅಡಿಕೆ ಚೀಲ ಸಮೇತ ಕಂಪ್ಯೂಟರಿನ ಪಕ್ಕಕ್ಕೇ ಬಂದು ಕೂತರು. ಫ್ಯಾನು ಹಿಡಿದು ಬಂದ ಮಗನಿಗೆ, "ನಿನ್ ಎಸ್ರಲ್ಲಿ ಮುಡ್ಪು ಕಟ್ಟವ್ಳೆ ಕಣ್ಲಾ, ಅತ್ಲಾಗೆ ಓಗು" ಎಂದರು. ಇವರು ನನ್ನ ಮುಖ ನೋಡಿ, "ನನಗೋಸ್ಕರನಾ?" ಎಂದರು. ಕಣ್ಣಲ್ಲಿ ನೀರು. ನನಗೂ ಒಂದು ಸಲ ಪಾಪ ಅನ್ನಿಸಿತು, ಸುಳ್ಳೇಕೆ ಹೇಳಲಿ. ಆದರೂ ಭಾನುವಾರವಿಡೀ ನೆಮ್ಮದಿಯಾಗಿ ಕೂತು ಟೈಪು ಮುಗಿಸಿದೆ.

ಸೋಮವಾರ ಬೆಳಿಗ್ಗೆ ಮಂಗಳಾ ಬಂದಳು. ಪ್ರಿಂಟು ತೆಗೆಯೋಣವೆಂದು ಸ್ವಿಚ್ಚು ಹಾಕಿದೆ. ಕುಯ್ಯೋ! ಅದೇ ಪಟ್ಟಿ, ಅದೇ ರೋಗ. ಎರಡು ನಿಮಿಷದ ಕೆಲಸ. ದಾರಕ್ಕೆ ಕೈ ಹಾಕಿದೆನೋ ಇಲ್ಲವೋ, ಅತ್ತೆ ಎದ್ದರು. "ಏನಮ್ಮೀ, ದೇವ್ರು ಗಂಟ್ಗೆ ಕೈ ಇಕ್ತಿಯಲ್ಲ! ಅವ್ನ್‌ಗೆ ಪ್ರಮೋಸನ್ ಆಯ್ತಾ?"

"ಇಲ್ಲ ಅತ್ತೆ, ಒಂದು ಚೂರು ಒತ್ತಬೇಕು, ಅಷ್ಟೇ."

"ಒತ್ತದೂ ಬ್ಯಾಡ, ಗಿತ್ತದೂ ಬ್ಯಾಡ."

ಮಂಗಳಾ ಅಳುವುದಕ್ಕೇ ಶುರುಮಾಡಿದಳು. "ಅಕ್ಕಾ, ಇವತ್ತು ಕೊಡ್ದಿದ್ರೆ ಮೇಡಮ್ಮು ತಕ್ಕಳಲ್ವಂತೆ, ನನ್ ವರ್ಸನೇ ಓಯ್ತದೆ." ಬರೆದದ್ದೆಲ್ಲ ಡಬ್ಬದ ಹೊಟ್ಟೆಯಲ್ಲಿ. ನಿನ್ನೆಯೇ ಫ್ಲಾಪಿಗೆ ಇಳಿಸಿಟ್ಟುಕೊಂಡಿದ್ದರೆ ಬೇರೆ ಕಡೆ ಪ್ರಿಂಟು ತೆಗೆಸಬಹುದಿತ್ತು, ಆದರೆ ಅದನ್ನು ಹಾಕುವ ಜಾಗವನ್ನೇ ಇವರು ಕಿತ್ತಿಟ್ಟಿದ್ದರಲ್ಲ. ಮುಡುಪು ಸುಳ್ಳೆಂದು ಹೇಳಿಬಿಡಲೇ? ದೇವರ ಹೆಸರಲ್ಲಿ ಸುಳ್ಳು ಹೇಳಿದವಳ ಕೈಯ ನೀರನ್ನೂ ಅತ್ತೆ ಮುಟ್ಟುವವರಲ್ಲ. ಹುಡುಗಿಯ ಅಳು ನೋಡಿ ಕೊನೆಗೆ ಅವರೇ ಕರಗಿದರು. "ತಪ್ಪುಕಾಣ್ಕೆ ಎತ್ತಿಟ್ಟು, ಕೈ ಮುಗ್ದು ಬಿಚ್ಚುದ್ರೆ ಸ್ವಾಮಿ ಒಪ್ಕತಾನೆ" ಎಂದರು. ನನಗೆ ಹೋದ ಜೀವ ಬಂದಂತಾಯಿತು. ದಾರಕ್ಕೆ ಮತ್ತೆ ಕೈ ಹಾಕಿದೆ. "ನೀನಲ್ಲ ಕಣಮ್ಮಿ! ಯಾರ್ ಎಸ್ರಲ್ಲಿ ಕಟ್ಟಿದ್ದಿಯೋ ಅವ್ನೇ ಬಿಚ್ಬೇಕು."

ಸೈಕಲ್ ಹತ್ತಿ ಆಫೀಸಿಗೆ ಹೊರಟಿದ್ದವರನ್ನು ಕೂಗಿ ಕರೆದರು. ಇವರು ತಲೆಗೆ ಎರಡು ಚೊಂಬು ನೀರು ಸುರಿದುಕೊಂಡು, ಪಂಚೆಯುಟ್ಟು, ಕುಂಕುಮ ಇಟ್ಟು, ಊದುಬತ್ತಿ ಬೆಳಗಿ, ಸ್ಕ್ರೂಡ್ರೈವರನ್ನು ಕಣ್ಣಿಗೊತ್ತಿಕೊಂಡು ಕೂತರು. "ರೀ, ಆ ಹಸಿರು ಪಟ್ಟಿ ಒತ್ತಿ" ಎಂದೆ. "ಸುಮ್ಮನಿರೇ, ನನಗೆ ಗೊತ್ತಿದೆ" ಎಂದು ಬೇರೆ ಯಾವುದೋ ವೈರಿಗೆ ಕೈ ಹಾಕಿದರು. ನಾನು ಟಾರ್ಚ್ ಹಚ್ಚಿದೆ. ಬೆಳಕನ್ನು ಆ ಪಟ್ಟಿಯ ಮೇಲೆ ಬಿಟ್ಟು ಇನ್ನೆಲ್ಲಿಗೂ ತಿರುಗಿಸಲಿಲ್ಲ. ಬೇರೆ ಏನೂ ಕಾಣದೆ ಕೊನೆಗೆ ಅದನ್ನೇ ಒತ್ತಿದರು. ಟಕ್. ಪರದೆ ಬೆಳಗಿತು. ಪ್ರಿಂಟಾಗಿ ಬಂದ ಕಾಗದಗಳನ್ನು ಎದೆಗೊತ್ತಿಕೊಂಡ ಮಂಗಳಾ ಇವರ ಕಾಲಿಗೆ ಬಿದ್ದು, "ಸಾರ್, ನಿಮ್ಮಿಂದ ನನ್ ವರ್ಸ ಉಳೀತು" ಎಂದಳು. ಅತ್ತೆ ಮಗನಿಗೆ ದೃಷ್ಟಿ ತೆಗೆದು, ಗಂಟನ್ನು ಮೊದಲಿಗಿಂತ ಬಿಗಿಯಾಗಿ ಕಟ್ಟಿದರು.

ಈಗ ಆ ಡಬ್ಬವನ್ನು ಬಿಚ್ಚುವ ಅಧಿಕಾರ ಸಾಕ್ಷಾತ್ ಗೋಪಾಲಸ್ವಾಮಿಯ ಅಪ್ಪಣೆಯಿಂದ ಇವರೊಬ್ಬರದು. ಮಂಗಳಾ ಊರೆಲ್ಲ ಹೇಳಿಕೊಂಡು ಬಂದಿದ್ದಾಳೆ. ನಿನ್ನೆ ಯಾರೋ ಬಾಗಿಲು ಬಡಿದರು. ನಾನು ರೂಢಿಯ ಹಾಗೆ ಸ್ವಲ್ಪ ತಡವಾಗಿಯೇ ಹೊರಗೆ ಬಂದೆ. "ಸಾರ್ ಅವ್ರಾ?" ಎಂದರು. ಹೌದು, ಇದ್ದಾರೆ. ಟಾರ್ಚಿಗೆ ಹೊಸ ಸೆಲ್ಲು ಹಾಕಬೇಕು.