ಈ ಸಲ ವ್ಯಾನ್ ಹತ್ತಲ್ಲ

ನನ್ನ ಪಾಡಿಗೆ ನಾನು ಒಂದು ಕೆಲಸ ಮಾಡಿಕೊಂಡು ಬರುತ್ತೇನೆ ಅಂತ ಹೊರಟು, ಹಾಗೇ ಬಂದದ್ದು ನನ್ನ ಜೀವನದಲ್ಲೇ ಇಲ್ಲ. ಎಲ್ಲಿಗೆ ಹೊರಟರೂ ನಾಲ್ಕು ಜನ ಜೊತೆಗೆ ಸೇರಿಕೊಳ್ಳುತ್ತಾರೆ, ಅವರ ಜೊತೆಗೆ ಊಟ ತಿಂಡಿ ಬರುತ್ತದೆ, ಕೊನೆಗೆ ನಾನು ಹೊರಟಿದ್ದು ಯಾತಕ್ಕೆ ಅನ್ನುವುದು ನನ್ನೊಬ್ಬಳಿಗೆ ಮಾತ್ರ ನೆನಪಿರುತ್ತದೆ. ಸಿಡ್ನಿಯಿಂದ ಮೆಲ್ಬರ್ನಿಗೆ ಹತ್ತು ಕಿಲೋಮೀಟರಿನ ಒಂದು ಓಟಕ್ಕೆ ಹೋದಾಗಲೂ ಇದೇ ಕಥೆ.

ಕಾಂಗರೂ ಪಕ್ಕದ ಸೀಟು

ಐವತ್ತು ದಾಟಿದ ಮೇಲೆ ನನಗೆ ಓಡುವ ಹುಚ್ಚು ಹಿಡಿಯಿತು. ಕಾರಣ ಬಹಳ ಸಣ್ಣದು. ಸಿಡ್ನಿಯ ನಮ್ಮ ಕ್ವೇಕರ್ಸ್ ಹಿಲ್ ರೈಲ್ವೆ ಸ್ಟೇಷನ್ನಿನ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ನಿಂತಿದ್ದೆ. ನನಗಿಂತ ಬಹಳ ದೊಡ್ಡವರಾದ ಒಬ್ಬ ಅಜ್ಜಿ ಬೆಂಚಿನಿಂದ ಎದ್ದು, "ಪಾಪ, ನೀವು ಕೂತ್ಕೊಳ್ಳಿ" ಅಂದರು. ಕೂತೆ. ಕೂತ ಮೇಲೆ ನನ್ನ ಮೇಲೇ ಸಿಟ್ಟು ಬಂತು. ಮರುದಿನ ಬೆಳಿಗ್ಗೆಯೇ ಶೂ ಕಟ್ಟಿ ಮನೆಯ ಹಿಂದಿನ ಪಾರ್ಕಿನಲ್ಲಿ ಓಡಲು ಶುರು ಮಾಡಿದೆ.

ಹೋದ ವರ್ಷ ಧೈರ್ಯ ಮಾಡಿ ಸಿಡ್ನಿಯಲ್ಲೇ ಒಂದು ಹತ್ತು ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟೆ. ಇಂಥ ಓಟಗಳಿಗೆ ರಸ್ತೆಯನ್ನು ಒಂದು ಹೊತ್ತಿನ ತನಕ ಮಾತ್ರ ಮುಚ್ಚಿರುತ್ತಾರೆ. ಎಲ್ಲರಿಗಿಂತ ಹಿಂದೆ ಉಳಿದವರ ಬೆನ್ನಿಗೆ ಸೈಕಲ್ಲಿನಲ್ಲಿ ಒಬ್ಬ ಸ್ವಯಂಸೇವಕ ಬರುತ್ತಾನೆ, ಅವನ ಹಿಂದೆ ಒಂದು ವ್ಯಾನು. ಹೊತ್ತು ಮೀರಿತು ಅಂದರೆ ಸೈಕಲ್ಲು ನಿಮ್ಮನ್ನು ದಾಟುತ್ತದೆ. ದಾಟಿದ ಮೇಲೆ ನಿಮ್ಮ ಓಟ ಮುಗಿದ ಹಾಗೆ. ತೆಪ್ಪಗೆ ವ್ಯಾನ್ ಹತ್ತಬೇಕು.

ಸಿಡ್ನಿಯ ಒಂದು ಏರಿನಲ್ಲಿ ಆ ಸೈಕಲ್ಲು ನನ್ನನ್ನು ದಾಟಿತು. ವ್ಯಾನಿನ ಒಳಗೆ ರಸ್ತೆಗೆ ಅಡ್ಡ ಇಡುವ ಕಿತ್ತಳೆ ಬಣ್ಣದ ಕೋನ್‌ಗಳು, ಅವುಗಳ ಪಕ್ಕದಲ್ಲಿ ಕಾಂಗರೂ ವೇಷ ಹಾಕಿಕೊಂಡಿದ್ದ ಒಬ್ಬ ಮನುಷ್ಯ. ನನಗೆ ಅಳು ತಡೆಯಲಾಗಲಿಲ್ಲ. ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತೆ. ಹೊರಗೆ ಜನ ಕೈ ಬೀಸಿ ಚಪ್ಪಾಳೆ ತಟ್ಟುತ್ತಿದ್ದರು, ಅದರಿಂದ ಅಳು ಇನ್ನೂ ಜಾಸ್ತಿಯಾಯಿತು.

ಕಾಂಗರೂ ತನ್ನ ತಲೆ ಕಳಚಿತು. ಒಳಗಿದ್ದದ್ದು ಎಪ್ಪತ್ತರ ಆಸುಪಾಸಿನ ಒಬ್ಬ ತಾತ. "ವ್ಯಾನಲ್ಲಿ ಮೊದಲನೇ ಸಲವಾ?" ಅಂತ ಕೇಳಿದರು.

"ಹೌದು."

"ಹಾಗಾದ್ರೆ ಕಿಟಕಿ ಪಕ್ಕ ಕೂರಬೇಡಿ, ಎಲ್ಲರಿಗೂ ಗುರುತು ಸಿಗುತ್ತೆ. ನಾನೇನು ಈ ವೇಷ ಶೋಕಿಗೆ ಹಾಕ್ಕೊಂಡು ಬರ್ತೀನಿ ಅಂದ್ಕೊಂಡ್ರಾ?"

ಕಿಲೋಮೀಟರಿಗೆ ಒಂದು

ಆ ದಿನವೇ ತೀರ್ಮಾನ ಮಾಡಿದೆ. ಇನ್ನೊಂದು ಸಲ ಓಡುತ್ತೇನೆ, ಕೊನೆಯವಳಾದರೂ ಸರಿ, ನನ್ನ ಕಾಲ ಮೇಲೆ ಓಟ ಮುಗಿಯುವ ಗೆರೆ ದಾಟುತ್ತೇನೆ, ಆ ವ್ಯಾನ್ ಮಾತ್ರ ಹತ್ತುವುದಿಲ್ಲ. ಈ ವರ್ಷಕ್ಕೆ ಮೆಲ್ಬರ್ನ್ ಆರಿಸಿಕೊಂಡೆ. ಆ ಊರಿನ ರಸ್ತೆ ಸಮತಟ್ಟು ಅನ್ನುವುದು ಒಂದು ಕಾರಣ, ಸೋತರೆ ನೋಡುವವರು ಯಾರೂ ಇರುವುದಿಲ್ಲ ಅನ್ನುವುದು ಇನ್ನೊಂದು.

ಎರಡನೇ ಕಾರಣವನ್ನು ನಮ್ಮೆಜಮಾನರು ಅರ್ಧ ಗಂಟೆಯಲ್ಲಿ ಹಾಳು ಮಾಡಿದರು. ಅವರ ಅಕ್ಕ ಇರುವುದು ಮೆಲ್ಬರ್ನಿನ ಪಾಯಿಂಟ್ ಕುಕ್‌ನಲ್ಲಿ. ನಾನು ಅವರನ್ನು ಅತ್ತಿಗೆ ಅನ್ನುತ್ತೇನೆ, ಅವರ ಯಜಮಾನರನ್ನು ಭಾವ. ಫೋನಿನಲ್ಲಿ ವಿಷಯ ಕೇಳಿದ ಅತ್ತಿಗೆ, "ಓಡ್ತಾಳಾ? ಯಾರು ಅಟ್ಟಿಸ್ಕೊಂಡು ಬರ್ತಿದಾರೆ?" ಅಂತ ವಿಚಾರಿಸಿದರಂತೆ. ಆಮೇಲೆ, "ನಾವಿರುವಾಗ ಹೋಟೆಲ್ ಬುಕ್ ಮಾಡಿದ್ರೆ ನನ್ನ ಮುಖ ನೋಡಬೇಡಿ" ಅಂದರಂತೆ.

ಶುಕ್ರವಾರ ಸಂಜೆ ಅವರ ಮನೆ ಮುಟ್ಟಿದೆವು. ಓಟ ಇದ್ದದ್ದು ಭಾನುವಾರ. ಓಟದ ಮುಂಚೆ ಹೊಟ್ಟೆಗೆ ಭಾರವಾಗುವುದನ್ನು ತಿನ್ನಬಾರದು, ಅಭ್ಯಾಸ ಇರುವ ಸಾದಾ ಊಟ ಸಾಕು ಅಂತ ಪಾರ್ಕಿನಲ್ಲಿ ನನಗೆ ಓಡಲು ಕಲಿಸಿದವರು ಹೇಳಿದ್ದರು. ನಾನು ಮೊದಲೇ ಹೇಳಿಬಿಟ್ಟೆ, "ಅತ್ತಿಗೆ, ಏನೂ ಮಾಡ್ಕೋಬೇಡಿ. ಅನ್ನ ಒಂದಿದ್ರೆ ಸಾಕು."

ಟೇಬಲ್ಲಿನ ಮೇಲೆ ಬಿಸಿಬೇಳೆಬಾತು, ಪುಳಿಯೋಗರೆ, ಚಿತ್ರಾನ್ನ, ಮೊಸರನ್ನ. ನಾನು ಬಾಯಿ ತೆಗೆಯುವ ಮುಂಚೆಯೇ ಅತ್ತಿಗೆ ಅಂದರು, "ನೋಡು, ನೀನು ಹೇಳಿದ ಹಾಗೇ ಬರೀ ಅನ್ನ. ಬೇರೇನೂ ಮಾಡಿಲ್ಲ."

ತಿಂದೆ. ತಿನ್ನದೆ ಏಳುವ ಹಾಗಿರಲಿಲ್ಲ. ಕೈ ತೊಳೆಯೋಣ ಅನ್ನುವಷ್ಟರಲ್ಲಿ ಅಡುಗೆಮನೆಯಿಂದ ತುಪ್ಪದ ವಾಸನೆ ಬಂತು, ಅದರ ಹಿಂದೆ ಹೋಳಿಗೆ ತಟ್ಟೆ ಹಿಡಿದ ಅತ್ತಿಗೆ.

"ಅತ್ತಿಗೆ, ಖಂಡಿತ ಆಗಲ್ಲ. ನಾನು ಓಡಬೇಕು."

"ಓಡೋರಿಗೇ ಶಕ್ತಿ ಬೇಕಾಗೋದು. ಎಷ್ಟು ದೂರ ಓಡ್ತೀಯ?"

"ಹತ್ತು ಕಿಲೋಮೀಟರ್."

"ಹಾಗಾದ್ರೆ ಕಿಲೋಮೀಟರಿಗೆ ಒಂದು. ಇವತ್ತು ಐದು, ನಾಳೆ ಐದು."

ಭಾವನವರು ನನ್ನ ಕಿವಿಯ ಹತ್ತಿರ ಬಗ್ಗಿ, "ನೀವು ಮ್ಯಾರಥಾನ್‌ಗೆ ಹೆಸರು ಕೊಡದೆ ಇದ್ದದ್ದು ಒಳ್ಳೇದಾಯ್ತು" ಅಂದರು.

ಊರು ತೋರಿಸಿದ್ದು

ಶನಿವಾರ ಕಾಲಿಗೆ ವಿಶ್ರಾಂತಿ ಕೊಡಬೇಕಿತ್ತು. ಭಾವನವರು ಬಿಡಲಿಲ್ಲ. "ಮೆಲ್ಬರ್ನಿಗೆ ಬಂದು ಮನೇಲಿ ಕೂರ್ತಾರಾ? ಹತ್ತಿ ಕಾರು" ಅಂದರು. ಸಮುದ್ರದ ದಂಡೆಯಲ್ಲಿ ಸುಮ್ಮನೆ ಕೂರಬಹುದು ಅಂತ ನಾನೂ ಒಪ್ಪಿದೆ. ಕಾರು ಸಮುದ್ರಕ್ಕೆ ಬೆನ್ನು ಹಾಕಿ ಟ್ರುಗನಿನಾ ಅನ್ನುವ ಹೊಸ ಬಡಾವಣೆಯ ಕಡೆ ತಿರುಗಿತು.

"ಭಾವ, ಸಮುದ್ರ ಈ ಕಡೆ ಅಲ್ವಾ?"

"ಸಮುದ್ರ ನಿಮ್ಮ ಸಿಡ್ನಿಲೂ ಇದೆ. ನಾನು ತೋರಿಸೋದನ್ನ ನೋಡಿ."

ತೋರಿಸಿದ್ದು ಡಿಸ್‌ಪ್ಲೇ ಹೋಮ್‌ಗಳನ್ನು. ಮನೆ ಕಟ್ಟುವ ಕಂಪನಿಗಳು ಮಾದರಿಗೆಂದು ಸಾಲಾಗಿ ಮನೆ ಕಟ್ಟಿ, ಮಂಚ ಸೋಫಾ ಜೋಡಿಸಿ, ಬಂದವರು ನೋಡಲಿ ಅಂತ ಬಾಗಿಲು ತೆರೆದಿಟ್ಟಿರುತ್ತವೆ. ಭಾವನವರಿಗೆ ಸ್ವಂತ ಮನೆ ಇದೆ, ಇನ್ನೊಂದು ಕೊಳ್ಳುವ ಯೋಚನೆ ಇಲ್ಲ. ಆದರೂ ಯಾರು ನೆಂಟರು ಬಂದರೂ ಮೊದಲು ಇಲ್ಲಿಗೆ ಕರೆತರುತ್ತಾರೆ. ಎಲ್ಲವೂ ಮಹಡಿ ಮನೆಗಳು. ಪ್ರತಿಯೊಂದರ ಮೆಟ್ಟಿಲು ಹತ್ತಿಸಿದರು, ಪ್ರತಿಯೊಂದು ಬಚ್ಚಲಿನ ನಲ್ಲಿ ತಿರುಗಿಸಿ ತೋರಿಸಿದರು. ಅತ್ತಿಗೆ ಅಡುಗೆಮನೆಯ ಹಿಂದಿನ ಚಿಕ್ಕ ಅಡುಗೆಮನೆಯಲ್ಲಿ ನಿಂತು, ಇಲ್ಲಿ ಒಗ್ಗರಣೆ ಹಾಕಿದರೆ ನಡುಮನೆಗೆ ಘಾಟು ಬರುತ್ತದೋ ಇಲ್ಲವೋ ಅಂತ ನಮ್ಮೆಜಮಾನರ ಜೊತೆ ಚರ್ಚೆ ಮಾಡಿದರು. ನನ್ನ ತೊಡೆಗಳು ಮಾತ್ರ ನಾಳೆಯದನ್ನು ಯೋಚಿಸುತ್ತಿದ್ದವು.

ಆ ಮನೆಗಳಲ್ಲಿ ಶೂ ಬಿಚ್ಚಬೇಕಾಗಿಲ್ಲ. ಅಲ್ಲಿನ ಸೇಲ್ಸ್‌ನವನು ಬೇಡ ಬೇಡ ಅಂತ ಬಾಗಿಲಲ್ಲೇ ಹೇಳುತ್ತಿದ್ದ. ಆದರೆ ಒಳಗೆ ಹಾಸಿಗೆ ಹಾಸಿದೆ, ಟೇಬಲ್ಲಿನ ಮೇಲೆ ತಟ್ಟೆ ಲೋಟ ಇಟ್ಟಿದೆ. ಅಂಥ ಮನೆಗೆ ಶೂ ಹಾಕಿಕೊಂಡು ನುಗ್ಗಲು ನಮ್ಮವರಿಗೆ ಕಾಲು ಬರುತ್ತದೆಯೇ? ಅವತ್ತು ಬಂದವರಲ್ಲಿ ಮುಕ್ಕಾಲು ಪಾಲು ನಮ್ಮ ದೇಶದವರೇ. ಬಾಗಿಲ ಮುಂದೆ ದೇವಸ್ಥಾನದ ಮುಂದೆ ಇರುವಷ್ಟು ಚಪ್ಪಲಿ ಶೂ ಬಿದ್ದಿದ್ದವು.

ಹೊರಗೆ ಬಂದು ನೋಡಿದರೆ ನನ್ನ ಓಡುವ ಶೂ ಇಲ್ಲ. ತಿಂಗಳುಗಟ್ಟಲೆ ಓಡಿ ಪಳಗಿಸಿದ ಶೂ ಅದು. ಅದೇ ನೀಲಿ ಬಣ್ಣದ, ನನ್ನ ಕಾಲಿಗಿಂತ ದೊಡ್ಡದಾದ ಇನ್ನೊಂದು ಜೊತೆ ಅಲ್ಲಿತ್ತು. ತಲೆಯೆತ್ತಿದರೆ, ಆಚೆ ಕಾರ್ ಪಾರ್ಕಿನಲ್ಲಿ ಸಲ್ವಾರ್ ತೊಟ್ಟ ಹೆಂಗಸೊಬ್ಬಳು ನನ್ನ ಶೂ ಹಾಕಿಕೊಂಡು ಕಾರು ಹತ್ತುತ್ತಿದ್ದಾಳೆ. ನಾನು ಕಟ್ಟಿದ್ದ ಹಳದಿ ಲೇಸು ದೂರಕ್ಕೇ ಕಾಣುತ್ತಿತ್ತು.

ಕಾರು ಹೊರಟಿತು. ನಾನೂ ಹೊರಟೆ, ಬರೀ ಸಾಕ್ಸಿನಲ್ಲಿ. ಇಂಗ್ಲಿಷಿನಲ್ಲಿ ಕೂಗಿದೆ, ಹಿಂದಿಯಲ್ಲಿ ಕೂಗಿದೆ, ಕೊನೆಗೆ "ನಿಲ್ಸಿ ರೀ" ಅಂತ ಕನ್ನಡದಲ್ಲೇ ಕೂಗಿದೆ. ಎರಡು ಬೀದಿ ದಾಟಿ, ನಾಲ್ಕು ರಸ್ತೆ ಸೇರಿ ಕಾರು ನಿಧಾನವಾಗುವ ರೌಂಡ್‌ಅಬೌಟ್‌ನಲ್ಲಿ ಹಿಡಿದೆ. ಆಕೆ ಗಾಜು ಇಳಿಸಿ, ತನ್ನ ಕಾಲು ನೋಡಿಕೊಂಡು ಹಿಂದಿಯಲ್ಲಿ ಹೇಳಿದಳು, "ಮೆಟ್ಟಿಲು ಹತ್ತಿ ಹತ್ತಿ ನನ್ನ ಕಾಲೇ ಊದಿದೆ, ಅದಕ್ಕೇ ಬಿಗಿ ಆಗ್ತಿದೆ ಅಂದ್ಕೊಂಡಿದ್ದೆ."

ಶೂ ಎದೆಗವಚಿಕೊಂಡು ವಾಪಸು ಬಂದಾಗ ನಮ್ಮೆಜಮಾನರು ಗೇಟಿನ ಹತ್ತಿರ ನಿಂತು ನಗುತ್ತಿದ್ದರು. "ನಾಳೆ ನಿನ್ನ ಮುಂದೆ ಯಾರಾದ್ರೂ ಆ ಶೂ ಹಿಡ್ಕೊಂಡು ಕಾರಲ್ಲಿ ಹೋದ್ರೆ ಸಾಕು" ಅಂದರು, "ಫಸ್ಟ್ ಪ್ರೈಜ್ ನಿಂದೇ."

ಕೊನೆಯವಳ ಹಿಂದೆ

ಶನಿವಾರ ರಾತ್ರಿ ಮಿಕ್ಕ ಐದು ಹೋಳಿಗೆ ಬಡಿಸುತ್ತಾ ಅತ್ತಿಗೆ ಕೇಳಿದ್ದರು, "ಓಡೋರಿಗೆ ದಾರೀಲಿ ಏನು ಕೊಡ್ತಾರೆ?"

"ನೀರು ಕೊಡ್ತಾರೆ."

"ಬರೀ ನೀರಾ?" ಅಂದ ಅತ್ತಿಗೆಯ ಮುಖ, ಆ ಊರಿನ ಮರ್ಯಾದೆಯೆಲ್ಲ ತಮ್ಮೊಬ್ಬರದೇ ಅನ್ನುವ ಹಾಗೆ ಸಣ್ಣದಾಯಿತು. ನಾನು ಅದನ್ನು ಅಷ್ಟಾಗಿ ಗಮನಿಸಲಿಲ್ಲ. ನಿದ್ದೆ ಕೆಡಿಸಿಕೊಂಡು ವ್ಯಾನಿನ ಬಗ್ಗೆ ಯೋಚಿಸುತ್ತಿದ್ದೆ.

ಬೆಳಿಗ್ಗೆ ಓಟ ಶುರುವಾಯಿತು. ಶುರುವಾದ ಸ್ವಲ್ಪ ಹೊತ್ತಿಗೇ ಎಲ್ಲರೂ ನನ್ನನ್ನು ದಾಟಿದರು. ಮಗುವಿನ ಗಾಡಿ ತಳ್ಳಿಕೊಂಡು ಓಡುತ್ತಿದ್ದ ತಾಯಿ ದಾಟಿದಳು, ಗಾಡಿಯೊಳಗಿನ ಮಗು ನನಗೆ ಟಾಟಾ ಮಾಡಿತು. ಅರ್ಧ ದಾರಿ ಕಳೆಯುವಷ್ಟರಲ್ಲಿ ಹಿಂದೆ ಯಾರೂ ಉಳಿದಿರಲಿಲ್ಲ. ಸೈಕಲ್ಲಿನ ಚೈನಿನ ಸದ್ದು ಮಾತ್ರ ಕೇಳಿಸುತ್ತಿತ್ತು. ತಿರುಗಿ ನೋಡಿದೆ. ಹಳದಿ ಜಾಕೆಟ್ಟಿನ, ಬಿಳಿ ಗಡ್ಡದ ಒಬ್ಬರು. ಅವರ ಹಿಂದೆ ಬಿಳಿ ವ್ಯಾನು.

"ದಯವಿಟ್ಟು ನನ್ನನ್ನ ದಾಟಬೇಡಿ" ಅಂದೆ.

"ನನಗೂ ಇಷ್ಟ ಇಲ್ಲ" ಅಂದರು ಆ ಪುಣ್ಯಾತ್ಮರು. "ಆದ್ರೆ ಇದಕ್ಕಿಂತ ನಿಧಾನ ಹೋದ್ರೆ ನಾನು ಸೈಕಲ್ಲಿಂದ ಬಿದ್ದುಹೋಗ್ತೀನಿ."

ಬೀಳಲಿ ಅಂತ ಮನಸ್ಸಿನಲ್ಲೇ ಅಂದುಕೊಂಡು ಓಡಿದೆ. ಕಾಲು ಸೀಸದ ಹಾಗಾಗಿತ್ತು, ಹೊಟ್ಟೆಯಲ್ಲಿ ಹತ್ತು ಹೋಳಿಗೆಗಳೂ ನನ್ನ ಜೊತೆಗೇ ಓಡುತ್ತಿದ್ದವು. ಕೊನೆಯ ಕಿಲೋಮೀಟರಿನ ಫಲಕ ಕಾಣಿಸಿದಾಗ ಗಡ್ಡದವರ ವಾಕಿಟಾಕಿ ಗೊರಗೊರ ಅಂದಿತು. ಅವರು ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದರು, "ಕ್ಷಮಿಸಿ. ರಸ್ತೇನ ವಾಹನಗಳಿಗೆ ಬಿಡೋ ಹೊತ್ತಾಯ್ತಂತೆ. ಆ ತಿರುವಿನ ತನಕ ನೋಡ್ತೀನಿ, ಆಮೇಲೆ ನೀವು ವ್ಯಾನ್ ಹತ್ತಲೇಬೇಕು."

ಹತ್ತಲ್ಲ, ಹತ್ತಲ್ಲ ಅಂತ ಒಂದೊಂದು ಹೆಜ್ಜೆಗೂ ಅಂದುಕೊಳ್ಳುತ್ತಾ ತಿರುವಿಗೆ ಬಂದೆ.

ತಿರುವಿನ ಮರದ ಕೆಳಗೆ ಕ್ಯಾಂಪಿಂಗ್ ಟೇಬಲ್ಲು. ಅದರ ಮೇಲೆ ಸ್ಟೀಲಿನ ದೊಡ್ಡ ಪಾತ್ರೆಗಳು, ಕಾಗದದ ಲೋಟಗಳು. ಭಾವನವರು ಸೌಟು ಹಿಡಿದಿದ್ದಾರೆ. ಅತ್ತಿಗೆ ರೇಷ್ಮೆ ಸೀರೆಯಲ್ಲಿ ರಸ್ತೆಯ ನಡುವೆ ನಿಂತಿದ್ದಾರೆ. ರಾಮನವಮಿಯ ದಿನ ನಮ್ಮ ಬೀದಿಗಳಲ್ಲಿ ಹೋಗಿ ಬರುವವರಿಗೆಲ್ಲ ಹಂಚುವ ಹಾಗೆ ಪಾನಕ, ಮಜ್ಜಿಗೆ, ಕೋಸಂಬರಿ. ರಾಮನವಮಿ ಕಳೆದು ತಿಂಗಳುಗಳೇ ಆಗಿದ್ದವು.

"ಬಂದ್ಯಾ? ಎಲ್ಲರೂ ಎಷ್ಟು ಇಷ್ಟಪಟ್ಟು ಕುಡಿದ್ರು ಗೊತ್ತಾ? ನಿಂತ್ಕೊ, ಒಂದು ಲೋಟ ಪಾನಕ ಕುಡಿದು ಹೋಗು."

ಅತ್ತಿಗೆ ಕೊಟ್ಟ ಲೋಟವನ್ನು ಬೇಡ ಅಂದ ಸೊಸೆ ಆ ಮನೆತನದಲ್ಲಿ ನನಗಿಂತ ಮುಂಚೆ ಯಾರೂ ಇಲ್ಲ. ನಾನು ನಿಲ್ಲಲಿಲ್ಲ. ಉಸಿರಿಲ್ಲದೆ, "ನನಗೆ ಬೇಡ ಅತ್ತಿಗೆ, ಹಿಂದೆ ಬರ್ತಿರೋರಿಗೆ ಕೊಡಿ" ಅಂದು ಓಡಿಬಿಟ್ಟೆ. ಬಾಯಿಗೆ ಬಂದದ್ದನ್ನು ಅಂದೆ ಅಷ್ಟೇ.

ಅತ್ತಿಗೆ ಕೊಟ್ಟರು. ನಾನು ಓಡುತ್ತಲೇ ಒಮ್ಮೆ ತಿರುಗಿ ನೋಡಿದೆ. ಎರಡು ಕೈಯಲ್ಲೂ ಲೋಟ ಹಿಡಿದು ಸೈಕಲ್ಲಿನ ಮುಂದೆ ನಿಂತಿದ್ದರು. ಗಡ್ಡದವರು ಬೇಡ ಅಂದರು. ನಮ್ಮಲ್ಲಿ ಮೊದಲನೇ ಸಲ ಬೇಡ ಅನ್ನುವುದು ಲೆಕ್ಕಕ್ಕಿಲ್ಲ, ಅದು ಸಂಕೋಚ. ಎರಡನೇ ಸಲ ಬೇಡ ಅಂದರೆ ಹಸಿವು ಇದೆ ಅಂತ ಅರ್ಥ. ಪಾಪ, ಅವರು ಮೂರನೇ ಸಲವೂ ಬೇಡ ಅಂದರು, ಅತ್ತಿಗೆ ಕೋಸಂಬರಿಯನ್ನೂ ತಂದರು. ಸೈಕಲ್ಲು ಮರಕ್ಕೆ ಒರಗಿತು. ವ್ಯಾನಿನವನು ಏನಾಯಿತೆಂದು ಇಳಿದು ಬಂದ. ಅವನನ್ನು ಭಾವನವರು ಕುರ್ಚಿ ಬಿಡಿಸಿ ಕೂರಿಸಿದರು.

ಮತ್ತೆ ನಾನು ತಿರುಗಲಿಲ್ಲ. ಗೆರೆಯ ಹತ್ತಿರ ಗಾಳಿ ತುಂಬಿದ ಕಮಾನನ್ನು ಇಳಿಸಲು ಕೈ ಹಾಕಿದ್ದವರು ನನ್ನನ್ನು ಕಂಡು ಕೈ ತೆಗೆದರು. ನಾನು ಅದರ ಕೆಳಗೆ, ನನ್ನ ಕಾಲ ಮೇಲೆ, ದಾಟಿದೆ. ಕೊರಳಿಗೆ ಪದಕ ಹಾಕಿದರು. ನಮ್ಮೆಜಮಾನರು ನೀರಿನ ಬಾಟಲಿ ಹಿಡಿದುಕೊಂಡು, "ಮುಗಿಸಿಬಿಟ್ಯಲ್ಲೇ" ಅಂದರು. ನಾನು ಅಲ್ಲೇ ನಿಂತು ಅತ್ತೆ. ಹೋದ ವರ್ಷ ಅತ್ತದ್ದಕ್ಕೂ ಇದಕ್ಕೂ ಬಹಳ ವ್ಯತ್ಯಾಸ ಇತ್ತು.

ಎಷ್ಟೋ ಹೊತ್ತಾದ ಮೇಲೆ ವ್ಯಾನ್ ಬಂತು. ಬಾಗಿಲು ತೆರೆಯಿತು. ಖಾಲಿ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವರು ಅತ್ತಿಗೆ, ಪಕ್ಕದಲ್ಲಿ ಟೇಬಲ್ ಮಡಿಸಿ ಹಿಡಿದುಕೊಂಡ ಭಾವ. ಇಷ್ಟು ಸಾಮಾನು ಹೊತ್ತು ಎಲ್ಲಿ ನಡೆಯುತ್ತೀರಿ ಅಂತ ವ್ಯಾನಿನವನೇ ಹತ್ತಿಸಿಕೊಂಡಿದ್ದನಂತೆ. ಓಡಲಾರದೆ ಸೋತವರು ಬಂದರು ಅಂತ ತಿಳಿದ ಒಬ್ಬಳು ಸ್ವಯಂಸೇವಕಿ ಓಡಿಹೋಗಿ ಅತ್ತಿಗೆಯ ರೇಷ್ಮೆ ಸೀರೆಯ ಮೇಲೆ ಕಂಬಳಿ ಹೊದಿಸಿ, ಕೈಗೆ ಬಾಳೆಹಣ್ಣು ಕೊಟ್ಟು, ಬೆನ್ನು ಸವರಿದಳು. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು.

ಅತ್ತಿಗೆ ಕಂಬಳಿ ಸಮೇತ ನನ್ನ ಹತ್ತಿರ ಬಂದರು. ನನ್ನ ಬೆವರು, ಕುಂಟುವ ಕಾಲು, ಅತ್ತು ಊದಿದ ಕಣ್ಣು, ಎಲ್ಲವನ್ನೂ ಮರುಕದಿಂದ ನೋಡಿದರು. ಆಮೇಲೆ ಕೇಳಿದರು, "ಅಲ್ವೇ, ಸೀಟೆಲ್ಲ ಮೆತ್ತಗಿದೆ, ತಣ್ಣಗೆ ಏಸಿ ಇದೆ, ಇಲ್ಲೀತನಕ ತಂದು ಬಿಡ್ತಾರೆ. ಇಂಥ ಒಳ್ಳೇ ವ್ಯಾನ್ ಹಿಂದೇನೇ ಬರ್ತಿರುವಾಗ ನೀನು ಯಾಕಮ್ಮ ಓಡಿದೆ?"