ಮಾವನ ಮಂಡಿಗೆ ನಾಲ್ಕು ಹೊಲಿಗೆ

ಕತ್ತರಿಗೆ ಹೆದರುವ ದರ್ಜಿಯನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಕಾಣಬೇಕೆಂದರೆ ತೆರಕಣಾಂಬಿಗೆ ಬನ್ನಿ. ಬಸ್ ನಿಲ್ಲುವ ಜಾಗದ ಎದುರಿಗೇ ನನ್ನ ಸೋದರಮಾವನ ಅಂಗಡಿಯಿದೆ. ಬಟ್ಟೆಯನ್ನು ಮೂರು ಸಲ ಅಳೆದು, ಗುರುತು ಹಾಕಿ, ಒಂದು ಟೀ ಕುಡಿದು, ಮತ್ತೊಮ್ಮೆ ಅಳೆದ ಮೇಲೇ ಅವನು ಕತ್ತರಿ ಮುಟ್ಟುವುದು! ಕೇಳಿದರೆ, "ಕತ್ರಿ ಆಡ್ಸಿದ್ ಮ್ಯಾಲೆ ದ್ಯಾವ್ರೂ ಕೂಡ್ಸಕಾಗಲ್ಲ ಕಣ್ಲಾ" ಎನ್ನುತ್ತಾನೆ.

ಕತ್ತರಿಸಿದರೂ ಹೊಲಿಗೆಯ ಒಳಗೆ ಎರಡಿಂಚು ಬಟ್ಟೆ ಮಡಿಸಿ ಬಿಟ್ಟಿರುತ್ತಾನೆ. ಮದುವೆಗೆ ಹೊಲಿಸಿದ ಪ್ಯಾಂಟನ್ನು ಇಪ್ಪತ್ತು ವರ್ಷ ಬಿಚ್ಚಿ ಬಿಚ್ಚಿ ಅಗಲ ಮಾಡಿಸಿಕೊಂಡವರು ನಮ್ಮೂರಲ್ಲಿದ್ದಾರೆ. ಊರಿನ ಹೊಟ್ಟೆಗಳೆಲ್ಲ ಧೈರ್ಯವಾಗಿ ಬೆಳೆದದ್ದೇ ಮಾವನನ್ನು ನಂಬಿಕೊಂಡು!

ಇಷ್ಟೆಲ್ಲ ಬಟ್ಟೆ ಉಳಿಸುವ ಮಹಾನುಭಾವನಿಗೆ ನನ್ನ ಪ್ಯಾಂಟು ಹೊಲಿಯುವಾಗ ಮಾತ್ರ ಬಟ್ಟೆ ಸಾಲದು. ಚಿಕ್ಕಂದಿನಿಂದಲೂ ಅದೇ ಕಥೆ. "ಎಡಗಡೆ ಒಂದಿಂಚು ಕಮ್ಮಿಯಾಗೋಯ್ತು ಕಣ್ಲಾ, ಅಂಗಡಿಯವ್ನು ಅಳ್ತೇಲಿ ಮೋಸ ಮಾಡ್ಬುಟ್ಟವ್ನೆ" ಎಂದು ಪಾಪದ ಬಟ್ಟೆ ಅಂಗಡಿಯವನನ್ನು ಬೈಯುತ್ತಿದ್ದ. ಇನ್ನೊಂದು ಹುಚ್ಚು ಬೇರೆ. ಬೆಳಗಿನ ಗುಂಡ್ಲುಪೇಟೆ ಬಸ್ ಬಂತೆಂದರೆ ಅರ್ಧ ಹೊಲಿದದ್ದನ್ನೂ ಬಿಟ್ಟು ಅಂಗಡಿ ಬಾಗಿಲಿಗೆ ಬಂದು ನಿಲ್ಲುವುದು! "ಯಾರ್‍ಯಾರು ಎಂಥೆಂಥ ಬಟ್ಟೆ ಆಕವ್ರೆ ನೋಡ್ಬೇಕಲ್ಲ" ಅನ್ನುವ ಸಮಜಾಯಿಷಿ.

ಇಂಥವನು ಐವತ್ತರ ಹತ್ತಿರದಲ್ಲಿ ಕಬಡ್ಡಿ ಆಡಿದ. ಮದುವೆಯಾದವರಿಗೂ ಆಗದವರಿಗೂ ಪಂದ್ಯ. ರೈಡಿಗೆ ಹೋದವನು ಸರಕ್ಕನೆ ತಿರುಗಿದ, ಬಲಮಂಡಿ ಟಕ್ ಎಂದಿತು. ಆದರೂ ಉಸಿರು ಬಿಡದೆ "ಕಬಡ್ಡಿ ಕಬಡ್ಡಿ" ಎನ್ನುತ್ತಲೇ ತೆವಳಿ, ಗೆರೆ ಮುಟ್ಟಿದ ಮೇಲೆಯೇ "ಅಯ್ಯಪ್ಪೋ" ಎಂದದ್ದು! ಪಾಯಿಂಟ್ ಬಂತು, ಮಂಡಿ ಹೋಯಿತು.

ಎರಡು ತಿಂಗಳು ಎಣ್ಣೆ ತಿಕ್ಕಿದ್ದಾಯಿತು, ಪಟ್ಟು ಹಾಕಿದ್ದಾಯಿತು. ನಡೆಯುತ್ತಿದ್ದರೆ ಮಂಡಿ ಜಾರುತ್ತಿತ್ತು, ಕೂತರೆ ಸಿಕ್ಕಿಕೊಳ್ಳುತ್ತಿತ್ತು. ಕೊನೆಗೆ ನಾನೂ ಅತ್ತೆಯೂ ಸೇರಿ ಅವನನ್ನು ಚಾಮರಾಜನಗರದ ಮೂಳೆ ಡಾಕ್ಟರರ ಹತ್ತಿರ ಕರೆದೊಯ್ದೆವು.

"ಮೂಳೆಗಳನ್ನು ಹಿಡಿದಿಡೋ ಲಿಗಮೆಂಟ್ ಪೂರ್ತಿ ಹರಿದಿದೆ. ನಿಮ್ಮ ತೊಡೆಯ ಹಿಂದಿನ ಸ್ನಾಯುವಿನ ಹುರಿಯನ್ನೇ ತೆಗೆದು ಹೊಸದು ಕಟ್ಟಬೇಕು" ಎಂದರು ಡಾಕ್ಟರು.

"ಅವ್ರವ್ರ ಬಟ್ಟೇಲೇ ಅವ್ರವ್ರಿಗೆ ತೇಪೆ! ಕಸುಬು ಗೊತ್ತಿರೋರು ಕಣ್ಲಾ" ಎಂದು ಮಾವ ನನ್ನ ಕಿವಿಯಲ್ಲಿ ಮೆಚ್ಚಿಕೊಂಡ.

"ಮೂಳೆಗಳ ನಡುವೆ ಮೆನಿಸ್ಕಸ್ ಅಂತ ಒಂದು ಮೆತ್ತೆ ಇರುತ್ತೆ. ಅದೂ ಹರಿದಿದೆ. ಅಂಚಿನಲ್ಲಿ ಹರಿದಿದ್ದರೆ ಅಲ್ಲಿ ರಕ್ತ ಓಡಾಡುತ್ತೆ, ಹೊಲಿದರೆ ಕೂಡಿಕೊಳ್ಳಬಹುದು. ಒಳಗಡೆ ಚಿಂದಿಯಾಗಿದ್ದರೆ ಅಷ್ಟನ್ನು ಕತ್ತರಿಸಿ ತೆಗೀಬೇಕು. ಕತ್ತರಿಸಿದರೆ ಬೇಗ ಓಡಾಡಬಹುದು. ಹೊಲಿದರೆ ಆರು ವಾರ ಆ ಕಾಲು ಊರೋ ಹಾಗಿಲ್ಲ."

"ಕತ್ತರಿಸ್ಬುಡಿ ಡಾಕ್ಟ್ರೇ" ಎಂದರು ಅತ್ತೆ. "ಇಸ್ಕೂಲ್ ಸುರುವಾಯ್ತದೆ. ಯೂನಿಫಾರಂ ಬಟ್ಟೆ ಮೂಟೆ ಬಿದ್ದದೆ."

ಮಾವನ ಮುಖ ಇಳಿದುಹೋಯಿತು. ಸಣ್ಣ ದನಿಯಲ್ಲಿ ಕೇಳಿದ. "ಮುಂದುಕ್ಕೆ ನಾನು ಮಿಷನ್ ತುಳಿಯಕಾಯ್ತದಾ ಡಾಕ್ಟ್ರೇ?"

"ಮೆತ್ತೆ ಉಳಿದಷ್ಟೂ ಮಂಡಿಗೆ ಆಯಸ್ಸು ಯಜಮಾನ್ರೇ."

"ಅಂಗಾರೆ ಒಲಿರಿ! ಒಲ್ದಿದ್ದನ್ನ ಬೇಕಾರೆ ಬಿಚ್ಬೋದು, ಕತ್ತರ್ಸಿದ್ದು ಬಂದಾತಾ?"

ಆಪರೇಷನ್ ದಿನ ಸೊಂಟಕ್ಕೆ ಇಂಜೆಕ್ಷನ್ ಕೊಟ್ಟು ಕಾಲು ಮರಗಟ್ಟಿಸಿದರೂ ಬಾಯಿ ಮರಗಟ್ಟಬೇಕಲ್ಲ! ಮಂಡಿಯೊಳಗಿನದೆಲ್ಲ ಪಕ್ಕದ ಟಿವಿಯಲ್ಲಿ ಕಾಣುತ್ತಿತ್ತಂತೆ. ಹರಿದದ್ದು ಅಂಚಿನಲ್ಲೇ. ಡಾಕ್ಟರು ಮೂರು ಹೊಲಿಗೆ ಹಾಕುವಷ್ಟರಲ್ಲಿ, "ಅದು ಬಿಗಿ ಬೀಳೋ ಜಾಗ, ಇನ್ನೊಂದಾಕಿ" ಎಂದನಂತೆ ಮಾವ. ಡಾಕ್ಟರು ಹೊರಗೆ ಬಂದು ನನಗೆ ಹೇಳಿದರು: "ನಾಲ್ಕನೆಯದಕ್ಕೆ ನಾನು ಆಗಲೇ ಸೂಜಿ ಹಿಡಿದಿದ್ದೆ. ನಿಮ್ಮ ಮಾವನಿಗೆ ಮಾತ್ರ ಹೇಳಬೇಡಿ, ಬೇಜಾರು ಮಾಡಿಕೊಂಡಾರು!"

ಆರು ವಾರ ಮಾವ ಬಟ್ಟೆ ಹಿಡಿಯುವುದು, ಅತ್ತೆ ಮಿಷನ್ ತುಳಿಯುವುದು. "ನಿಧಾನುಕ್ ತುಳಿಯಮ್ಮಿ, ಒಲಿಗೆ ಓಡೋಯ್ತದೆ!" "ಓಡ್ಲಿ ಬುಡು, ನೀ ಓಡ್ದೆ ಕೂತಿರೋದೇ ನಂಗ್ ನೆಮ್ದಿ!" ಆ ವರ್ಷ ಊರಿನ ಮಕ್ಕಳ ಯೂನಿಫಾರಂ ಹೊಲಿಗೆಯೆಲ್ಲ ಒಂಚೂರು ವಕ್ರ. ಯಾರೂ ದೂರಲಿಲ್ಲ.

ಕಾಲೂರುವ ದಿನ ಬಂತು. ಮಂಡಿ ನಿಲ್ಲುತ್ತದೋ ಇಲ್ಲವೋ ಎಂದು ನನಗೇ ಭಯ. ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಹುಡುಗಿ ನಾಲ್ಕು ದಿನ ನಡೆಸಿ ನೋಡಿ, ಐದನೆಯ ದಿನ ಮೆಟ್ಟಿಲ ಮುಂದೆ ನಿಲ್ಲಿಸಿದಳು.

"ಯಾವ ಕಾಲು ಮೊದಲು ಇಡಬೇಕು ಗೊತ್ತಾ? ಎಲ್ಲರೂ ತಪ್ಪು ಮಾಡೋದು ಇಲ್ಲೇ."

ಮಾವ ಕಂಬಿ ಹಿಡಿದು ಒಳ್ಳೆಯ ಕಾಲನ್ನು ಮೊದಲು ಮೇಲಿಟ್ಟ, ಆಮೇಲೆ ನೋವಿನ ಕಾಲು. ಇಳಿಯುವಾಗ ನೋವಿನ ಕಾಲು ಮೊದಲು. ಮಂಡಿ ನಿಂತಿತು.

"ಅರೆ! ಯಾರು ಹೇಳಿಕೊಟ್ಟರು?"

ಮಾವ ನನ್ನ ಕಡೆ ನೋಡಲೇ ಇಲ್ಲ. "ಇವ್ನು ಇಸ್ಕೂಲ್‌ಗೆ ಗುಂಡ್ಲುಪೇಟೆ ಬಸ್ ಅತ್ತೋದು ನೋಡಿದ್ದೆ ಕಣವ್ವ. ಬಿದ್‌ಗಿದ್ದಾನು ಅಂತ ದಿನಾ ಬಾಗ್ಲಲ್ಲಿ ನಿಂತ್ಕತಿದ್ದೆ" ಎಂದ.

ಹೇಳುವುದು ಮರೆತೆ. ಹುಟ್ಟಿದಾಗಿನಿಂದ ನನ್ನ ಎಡಗಾಲು ಒಂದಿಂಚು ಗಿಡ್ಡ. ಈ ಮಾತನ್ನು ಮಾವ ಆ ದಿನದವರೆಗೆ ಒಂದು ಸಲವೂ ಬಾಯಲ್ಲಿ ಆಡಿದವನಲ್ಲ. ನನಗೆ ಕಣ್ಣು ತುಂಬಿ ಮೆಟ್ಟಿಲೇ ಕಾಣಲಿಲ್ಲ.

ಮಿಷನ್ನಿನ ಮೇಲೆ ಮತ್ತೆ ಕಾಲಿಡಲು ಡಾಕ್ಟರು ಒಪ್ಪಿದ ದಿನ ಮಾವ ಮೊದಲು ಹೊಲಿದದ್ದು ನನಗೊಂದು ಪ್ಯಾಂಟು. ಮಡಿಸಿ ಕೈಗೆ ಕೊಡುತ್ತಾ ತಲೆ ತಗ್ಗಿಸಿಕೊಂಡೇ ಹೇಳಿದ:

"ಈ ಕಿತಾನೂ ಎಡಗಡೆ ಬಟ್ಟೆ ಸಾಲ್ನಿಲ್ಲ ಕಣ್ಲಾ."