ನನ್ನ ಪೆಟ್ಟಿಗೆಯೊಳಗೆ ಷಡ್ಡಕ

ಯಾರು ಏನೇ ಅನ್ನಲಿ, ೧೯೮೭ರಲ್ಲಿ ಇಡೀ ಮಧುಗಿರಿಯಲ್ಲಿ ಮನೆಯೊಳಗೆ ಕಂಪ್ಯೂಟರ್ ಇಟ್ಟುಕೊಂಡಿದ್ದ ಏಕೈಕ ಹೈಸ್ಕೂಲು ಮೇಷ್ಟ್ರು ನಾನು. (ಇನ್ನೊಬ್ಬರಿದ್ದರೆ ನನಗೆ ಗೊತ್ತಿಲ್ಲ; ಗೊತ್ತುಮಾಡಿಕೊಳ್ಳುವ ಇಚ್ಛೆಯೂ ಇಲ್ಲ.) ದುಬೈಯಿಂದ ಬಂದ ಗೆಳೆಯ ಶಫೀವುಲ್ಲಾ ಕೊಟ್ಟದ್ದು. ಕಂದು ಬಣ್ಣ, ಇಟ್ಟಿಗೆಯಷ್ಟು ದಪ್ಪ. ಟಿವಿಗೆ ಸಿಕ್ಕಿಸಿ, ಟೇಪ್ ರೆಕಾರ್ಡರಿನಲ್ಲಿ ಕ್ಯಾಸೆಟ್ ಹಾಕಿ ಪ್ರೋಗ್ರಾಂ ತುಂಬಬೇಕು. ಆಮೇಲೆ ಅದರ ಪಾಂಡಿತ್ಯದ ಮುಂದೆ ಯಾರೂ ಇಲ್ಲ.

ಸಂಕಟವೆಂದರೆ ಸಿರಾದಲ್ಲಿ ನನ್ನ ಷಡ್ಡಕ ಅಡವಯ್ಯನ ಹತ್ತಿರವೂ ಒಂದು ಕಂಪ್ಯೂಟರಿತ್ತು. ಕರಿಯದು, ಬೇರೆ ಜಾತಿಯದು. ಅದರ ಕ್ಯಾಸೆಟ್ ನನ್ನದಕ್ಕೆ ಆಗದು, ನನ್ನದು ಅದಕ್ಕೆ ಆಗದು. ಥೇಟ್ ನಮ್ಮಿಬ್ಬರ ಹಾಗೆ. ಅದರಲ್ಲಿ ಆತ ಜಾತಕ ಕೂಡಿಸುವ ಪ್ರೋಗ್ರಾಂ ಬರೆದಿದ್ದ. ಹುಡುಗ ಹುಡುಗಿಯ ನಕ್ಷತ್ರ ಒತ್ತಿದರೆ ಮೂವತ್ತಾರಕ್ಕೆ ಎಷ್ಟು ಗುಣ ಕೂಡಿತೆಂದು ಹೇಳುತ್ತಿತ್ತು. ಅಂದಿನಿಂದ ನಮ್ಮ ಮಾವ, ಪುರವರದ ಮಾರಣ್ಣನವರ ಬಾಯಲ್ಲಿ ಕಿರಿಯಳಿಯನದೇ ಜಪ.

ಕೊನೆಯ ನಾದಿನಿಗೆ ವೈ.ಎನ್.ಹೊಸಕೋಟೆಯ ಗಂಡು ಒಪ್ಪಿಗೆಯಾಗಿ, ನಮ್ಮ ಮನೆಯಲ್ಲೇ ತಾಂಬೂಲ ಬದಲಾಯಿಸುವುದೆಂದಾಯಿತು. ಮಾವನ ಮನೆಯ ಪದ್ಧತಿಯಲ್ಲಿ ಮೊದಲ ತಾಂಬೂಲದ ತಟ್ಟೆ ಹಿರಿಯಳಿಯನ ಕೈಗೆ. ಹನ್ನೊಂದು ವರ್ಷದಿಂದ ಆ ತಟ್ಟೆ ನನ್ನದು. ಈ ಸಲ ಮಾವ ರಾಗ ಎಳೆದರು: "ಜಾತಕ ನೋಡೋರ ಕೈಗೆ ಕೊಡೋದು ನ್ಯಾಯ ಅಲ್ವಾ ಅಳಿಯಂದ್ರೇ?"

ಆದರೆ ದೇವರಿದ್ದಾನೆ. ಶುಕ್ರವಾರ ಬೆಳಿಗ್ಗೆ ಅಡವಯ್ಯ ಕೈಯಲ್ಲಿ ಬರೀ ಕ್ಯಾಸೆಟ್ ಹಿಡಿದು, ಮುಖ ಸಣ್ಣಗೆ ಮಾಡಿಕೊಂಡು ಬಂದ. ಅವನ ಹೆಂಡತಿ ನಾಗು ತನ್ನ ಅಕ್ಕನಿಗೆ, ಅಂದರೆ ನನ್ನಾಕೆಗೆ, ನೆರವಾಗಲು ನೇರ ಅಡುಗೆಮನೆಗೆ ಹೋದಳು.

"ಅಣ್ಣಾ, ನೆನ್ನೆ ಕರೆಂಟು ಜಾಸ್ತಿ ಬಂದ್ಬುಟ್ಟು ಮೆಷಿನ್ನು ಸುಟ್ಟೋಯ್ತು."

"ಅಯ್ಯೋ ಪಾಪ!" ಎಂದೆ. (ಇಷ್ಟು ಸಂತೋಷದಿಂದ ಆ ಮಾತನ್ನು ಇನ್ನೊಮ್ಮೆ ಆಡುವ ಯೋಗ ನನಗೆ ಬಂದಿಲ್ಲ.) "ಚಿಂತೆ ಬೇಡ. ನಿನ್ನ ಪ್ರೋಗ್ರಾಮನ್ನ ನನ್ನ ಮೆಷಿನ್ನಲ್ಲಿ ಓಡಿಸ್ತೀನಿ. ಮಾವನೋರೇ, ಹೇಳಿ, ಈಗ ತಟ್ಟೆ ಯಾರಿಗೆ?"

"ಯಾರು ನೋಡಿದ್ದು ಅಂತ ಮೆಷಿನ್ನೇ ಹೇಳ್ಲಿ ಬುಡಿ," ಎಂದರು ಮಾವ.

ನನ್ನ ಬ್ರಹ್ಮಾಸ್ತ್ರ ಶಫೀವುಲ್ಲಾ ಕೊಟ್ಟ ಇನ್ನೊಂದು ಕ್ಯಾಸೆಟ್. ಅದನ್ನು ಮೊದಲು ತುಂಬಿದರೆ ಕಂದು ಪೆಟ್ಟಿಗೆ ತಾನೇ ಕರಿ ಪೆಟ್ಟಿಗೆಯಂತೆ ನಡೆದುಕೊಳ್ಳುತ್ತದೆ. ಈ ಮಹಿಮೆಯನ್ನು ನನ್ನ ಧರ್ಮಪತ್ನಿ ಸರ್ವಮಂಗಳಾಗೆ ವಿವರಿಸಿದೆ.

"ಇದೇನ್ ದೊಡ್ಡ ಮಾತು?" ಎಂದಳು, ಒಗ್ಗರಣೆ ಸೌಟು ಹಿಡಿದು. "ಬಂದಾಗಿಂದ ನಿಮ್ಮಮ್ಮನ ಸಾರನ್ನ ನಿಮ್ಮಮ್ಮನ ಥರಾನೇ ಮಾಡ್ತಿಲ್ವಾ ನಾನು? ಹೆಂಗೆ ಮಾಡಿದ್ರೂ ನೀವು ಅನ್ನೋದು 'ಆಹಾ, ಅಮ್ಮನ ಸಾರು' ಅಂತ್ಲೇ. ಕಷ್ಟ ನಂದು, ಹೆಸರು ಅವ್ರದ್ದು."

"ಯಂತ್ರಕ್ಕೂ ಸಾರಿಗೂ ಏನೇ ಸಂಬಂಧ?" ಎಂದು ಗದರಿದೆ.

ಒಂಬತ್ತಕ್ಕೆ ಗಂಡಿನ ಕಡೆಯವರು ಬಂದರು. ಹತ್ತೂವರೆಗೆ ರಾಹುಕಾಲ, ಅಷ್ಟರೊಳಗೆ ತಾಂಬೂಲ ಆಗಬೇಕು. ಮೊದಲ ಕ್ಯಾಸೆಟ್ ಕೀಚಲು ದನಿಯಲ್ಲಿ ಅರ್ಧ ಗಂಟೆ ಕಿರುಚಿತು. ಆಮೇಲೆ ಅಡವಯ್ಯನ ಕ್ಯಾಸೆಟ್. ನಕ್ಷತ್ರಗಳನ್ನು ಒತ್ತಿದೆ. ಪರದೆ ಸುಮ್ಮನಾಯಿತು. ಇನ್ನೊಬ್ಬರ ವೇಷ ಹಾಕಿಕೊಂಡು ಲೆಕ್ಕ ಮಾಡುವುದೆಂದರೆ ನಿಧಾನವೇ. ಸರ್ವಮಂಗಳಾ ಎರಡನೇ ಸಲ ಕಾಫಿ ಕೊಟ್ಟಳು, ಮೂರನೇ ಸಲ ಕೊಟ್ಟಳು.

"ಏಮಪ್ಪಾ ಮೇಷ್ಟ್ರೇ," ಗಂಡಿನ ಅಜ್ಜಿ ಕೊಲ್ಲಾಪುರಮ್ಮ ಗಡಿಸೀಮೆಯ ತೆಲುಗು ಬೆರೆತ ಕನ್ನಡದಲ್ಲಿ ಕೇಳಿದರು, "ನಿಮ್ಮ ಡಬ್ಬಾ ನಿದ್ದೆ ಹೋಯ್ತಾ? ಹುಡುಗಿ ಚಾಲಾ ಬಾಗುಂದಿ, ನಾನು ಒಪ್ಪಿ ಆಯ್ತು!"

"ಐದೇ ನಿಮಿಷ ಅಜ್ಜಿ!" ಎಂದೆ. ಅಡವಯ್ಯ ಕಾಫಿ ಹೀರುತ್ತ ನನ್ನ ಬೆವರನ್ನೇ ನೋಡುತ್ತಿದ್ದ. ನಾನು ಪೆಟ್ಟಿಗೆಯ ಬೆನ್ನು ಸವರಿದೆ, ಊದುಬತ್ತಿ ಹಚ್ಚಿದೆ. (ವಿಜ್ಞಾನದ ಮೇಷ್ಟ್ರು ಎಂಬುದನ್ನು ಆ ಗಳಿಗೆಯಲ್ಲಿ ಮರೆತಿದ್ದೆ.)

ಹತ್ತು ಇಪ್ಪತ್ತಕ್ಕೆ ಪರದೆ ಕಣ್ಣು ಬಿಟ್ಟಿತು. ಇಪ್ಪತ್ತೆಂಟು ಗುಣ! ನಾನು ಕುರ್ಚಿಯಿಂದ ನೆಗೆದುಬಿಟ್ಟೆ. "ನೋಡಿದ್ರಾ? ಒಂದಕ್ಷರ ಆಚೀಚೆ ಆಗಿಲ್ಲ, ಕರಿ ಮೆಷಿನ್ನು ಹೇಳೋ ಥರಾನೇ ಹೇಳಿದೆ! ಗಂಡಿನ ತಂದೆಯವ್ರೇ, ನೀವೇ ಪೂರ್ತಿ ಓದಿ, ಜೋರಾಗಿ ಓದಿ!"

ಪೋಸ್ಟ್ ಆಫೀಸಿನಲ್ಲಿದ್ದ ಅವರು ಕನ್ನಡಕ ಏರಿಸಿ, ಇಂಗ್ಲಿಷ್ ಅಕ್ಷರಗಳನ್ನು ತಂತಿ ಓದುವಂತೆ ಬಿಡಿಸಿ ಓದಿದರು: "ಗುಣ ಇಪ್ಪತ್ತೆಂಟು. ವಿವಾಹ ಶುಭ. ಜಾತಕ ನೋಡಿದವರು... ಶ್ರೀ ಅಡವಯ್ಯನವರು, ಸಿರಾ."

ನನ್ನ ಮನೆ, ನನ್ನ ಟಿವಿ, ನನ್ನ ಕರೆಂಟು! ಪಾಪಿ ತನ್ನ ಹೆಸರನ್ನು ಪ್ರೋಗ್ರಾಮಿನೊಳಗೇ ಬರೆದಿಟ್ಟಿದ್ದ. ನನ್ನ ಪ್ರಾಮಾಣಿಕ ಪೆಟ್ಟಿಗೆ ಅದನ್ನೂ ಬಿಡದೆ ಸಾರಿತ್ತು.

"ಮೆಷಿನ್ನೇ ಹೇಳ್ತಲ್ಲಪ್ಪ!" ಎಂದರು ಮಾವ. ತಟ್ಟೆ ನನ್ನ ಮೂಗಿನ ಮುಂದೆಯೇ ಅಡವಯ್ಯನ ಕೈಗೆ ಹೋಯಿತು. ಅವನು ನಾಚಿಕೊಂಡಂತೆ ನಟಿಸಿದ. ಕೊಲ್ಲಾಪುರಮ್ಮ ಅವನ ತಲೆ ನೇವರಿಸಿ, "ಬುದ್ಧಿವಂತುಡು!" ಎಂದರು.

ಬಾಗಿಲಲ್ಲಿ ನಿಂತಿದ್ದ ಸರ್ವಮಂಗಳಾ ನನ್ನನ್ನು ನೋಡಿ ಮೆಲ್ಲಗೆ ಕೇಳಿದಳು: "ಈಗ ಗೊತ್ತಾಯ್ತಾ?"

ಗೊತ್ತಾಯಿತು, ಚೆನ್ನಾಗಿಯೇ ಗೊತ್ತಾಯಿತು. ಹನ್ನೊಂದು ವರ್ಷ ನಾನು ಆಕೆಗೆ ಮಾಡಿದ್ದು ಇದನ್ನೇ. ಊಟದ ಹೊತ್ತಿಗೆ ಎಲ್ಲವನ್ನೂ ಸರಿಪಡಿಸಲು ಶಪಥ ಮಾಡಿದೆ. ಎರಡೂ ಕಡೆಯ ಬೀಗರು ಎಲೆ ಮುಂದೆ ಕೂತಿರುವಾಗ ಮೊದಲ ತುತ್ತು ಬಾಯಿಗಿಟ್ಟು, ಎಲ್ಲರಿಗೂ ಕೇಳುವಂತೆ ಘೋಷಿಸಿದೆ:

"ಮಂಗಳಾ, ಇದು ಅಮ್ಮನ ಸಾರಲ್ಲ ಕಣೇ. ಇದು ನಿನ್ನ ಸಾರು! ಇಂಥಾ ಸಾರು ನನ್ನ ಜೀವಮಾನದಲ್ಲಿ ತಿಂದಿಲ್ಲ. ಹೆಸರು ಪೂರಾ ನಿಂದೇ!"

ಸರ್ವಮಂಗಳಾ ಬಡಿಸುತ್ತಿದ್ದ ಸೌಟನ್ನು ಅಲ್ಲೇ ನಿಲ್ಲಿಸಿದಳು.

"ನಿಮ್ಮ ಮೆಷಿನ್ನು ನೋಡ್ಕೊಂಡು ಕಾಫಿ ಕಾಯಿಸೋದ್ರಲ್ಲೇ ನನ್ನ ಹೊತ್ತು ಹೋಯ್ತಲ್ಲ ರೀ. ಸಾರು ಮಾಡಿದ್ದು ನಾಗು."

ಪಕ್ಕದ ಎಲೆಯಿಂದ ಅಡವಯ್ಯ ಕೂಗಿದ: "ನಾಗೂ, ಅಣ್ಣಂಗೆ ಇನ್ನೊಂದು ಸೌಟು ಹಾಕೇ!"